ಹರವಿನ ಅಳತೆ

ಮುಳ್ಳೂರು
12–6–2003

ತಂಗಿ ಪುಷ್ಪಳಿಗೆ ಅಕ್ಕ ಶಿವರತ್ನಮ್ಮ ಬರೆಯುವುದು.

ನಿನ್ನ ವಿಳಾಸ ಗುರುಪಾದಸ್ವಾಮಿ ಮೇಷ್ಟ್ರಿಂದ ಸಿಕ್ಕಿತು. ನೀನು ಪಾಠ ಮಾಡುವ ಮೈಸೂರಿನ ಕಾಲೇಜಿಗೆ ಮೂರು ವರ್ಷ ರಜೆ ಹಾಕಿ, ಡಾಕ್ಟರೇಟು ಮಾಡಲು ಬೆಂಗಳೂರಿಗೆ ಹೋಗಿದ್ದೀಯ ಎಂದು ಅವರೇ ಹೇಳಿದರು. "ನಲವತ್ತೈದಕ್ಕೆ ಓದಾದಾ?" ಎಂದು ನಿನ್ನ ಭಾವ ಬಾಯಿ ಬಿಟ್ಟರು. "ಓದ್ಕಳ್ಲಿ ಬುಡಿ, ನಿಮ್ ಪುಸ್ತಕವ ಕೇಳಿದ್ಲಾ?" ಎಂದೆ.

ವಿಷಯಕ್ಕೆ ಬರುತ್ತೇನೆ. ಅವ್ವನಿಗೆ ಮರೆವು ಶುರುವಾಗಿದೆ. ಮೊದಲು ಉಪ್ಪು ಹಾಕಿದ್ದು ಮರೆಯುತ್ತಿದ್ದಳು, ನಾವು ನಕ್ಕು ಸುಮ್ಮನಾದೆವು. ಈಗ ಸಂಜೆಯಾದರೆ ಸೆರಗು ಸರಿಮಾಡಿಕೊಂಡು, "ಯಳಂದೂರ್ಗೆ ಓಯ್ತೀನಿ, ನಮ್ಮವ್ವ ಕಾಯ್ತಿರ್ತಾಳೆ" ಎಂದು ಹೊರಡುತ್ತಾಳೆ. ಅವಳ ಅವ್ವ ಸತ್ತು ನಲವತ್ತು ವರ್ಷವಾಯಿತು. ಮೊನ್ನೆ ರಾಗಿ ಕೇರುತ್ತಿದ್ದವಳು ಮೊರ ಕೆಳಗಿಟ್ಟು, "ರತ್ನಿ, ನಂಗೆ ಎಷ್ಟು ಜನ ಮಕ್ಳು?" ಎಂದಳು. ಇಬ್ಬರು ಎಂದೆ. "ಇನ್ನೊಬ್ಳು ಎಲ್ಲವ್ಳೆ?" ಎಂದಳು. ನೀನು ಎಲ್ಲಿದ್ದೀಯ ಎಂದು ನನಗೂ ಗೊತ್ತಿರಲಿಲ್ಲ. ಅದಕ್ಕೇ ಮೇಷ್ಟ್ರ ಹತ್ತಿರ ಹೋದದ್ದು.

ನೀನು ಆರು ವರ್ಷದಿಂದ ಈ ಕಡೆ ಬಂದಿಲ್ಲ. ಯಾಕೆ ಎಂದು ನಾನು ಕೇಳುವುದಿಲ್ಲ. ಅವ್ವನಿಗೆ ಮುಖಗಳು ಮರೆತುಹೋಗುವ ಮೊದಲು ಒಂದು ಸಲ ಬಂದು ಹೋಗು. ಇಷ್ಟೇ ಕೇಳುವುದು.

ನಿನ್ನ ಅಕ್ಕ,
ಶಿವರತ್ನಮ್ಮ


ಬೆಂಗಳೂರು
29–6–2003

ಅಕ್ಕಾ,

ನಿನ್ನ ಕಾಗದ ಬಂದು ಎರಡು ವಾರವಾಯಿತು. ಕೆಲಸ ಹೆಚ್ಚಿತ್ತು, ಅದಕ್ಕೆ ತಡ ಎಂದು ಬರೆಯಬಹುದು. ಅರ್ಧ ನಿಜ. ಉಳಿದರ್ಧ ಏನೆಂದು ನನಗೇ ಸ್ಪಷ್ಟವಿಲ್ಲ, ಆದ್ದರಿಂದ ಗೊತ್ತಿರುವ ಅರ್ಧವನ್ನೇ ಬರೆಯುತ್ತೇನೆ.

ನಾನು ಇಲ್ಲಿ ಮಾಡುವುದು ಒಂದು ಪ್ರೋಟೀನಿನ ಗಾತ್ರ ಅಳೆಯುವ ಕೆಲಸ. ಪ್ರೋಟೀನು ಎಂದರೆ ಸಾವಿರಾರು ಪರಮಾಣುಗಳ ಉದ್ದ ದಾರ, ತನಗೆ ತಾನೇ ಉಂಡೆ ಸುತ್ತಿಕೊಂಡಿರುತ್ತದೆ. ನಿನ್ನ ರೇಷ್ಮೆ ಎಳೆಯೂ ಪ್ರೋಟೀನೇ, ಆದರೆ ಅದು ನಮ್ಮ ಕಂಪ್ಯೂಟರಿಗೆ ತುಂಬ ದೊಡ್ಡದು. ನನ್ನದು ಒಂದು ಸೂಕ್ಷ್ಮಜೀವಿಯ ಪುಟ್ಟ ಪ್ರೋಟೀನು. ಅದನ್ನು ಕಂಪ್ಯೂಟರಿನೊಳಗೆ, ಲೆಕ್ಕದಲ್ಲಿಯೇ, ನೀರು ತುಂಬಿದ ಒಂದು ಪೆಟ್ಟಿಗೆಯಲ್ಲಿ ಇಡುತ್ತೇವೆ. ಕಾಯಿಸುತ್ತೇವೆ. ಪ್ರತಿಯೊಂದು ಪರಮಾಣು ಮುಂದಿನ ಗಳಿಗೆ ಎಲ್ಲಿರುತ್ತದೆ ಎಂದು ಕಂಪ್ಯೂಟರು ಲೆಕ್ಕ ಹಾಕುತ್ತಾ ಹೋಗುತ್ತದೆ. ಎರಡು ವಾರ ಹಗಲೂ ರಾತ್ರಿ ಓಡಿದರೆ ಒಂದು ಸೆಕೆಂಡಿನ ನೂರು ಕೋಟಿಯಲ್ಲೊಂದು ಭಾಗದ ಚಲನೆ ಸಿಗುತ್ತದೆ. ಅದರಿಂದ ಸಾವಿರ ಚಿತ್ರ ತೆಗೆದು, ಒಂದೊಂದರಲ್ಲೂ ಪ್ರೋಟೀನು ಎಷ್ಟು ದೊಡ್ಡದಾಗಿದೆ ಎಂದು ನೋಡುತ್ತೇನೆ.

ಅಲುಗಾಡುವ ವಸ್ತುವನ್ನು ಅಳೆಯುವುದು ಹೇಗೆ ಎನ್ನುತ್ತೀಯ. ಒಂದು ಮನೆಯ ಜನರನ್ನು ನೆನೆಸಿಕೊ. ಅವರೆಲ್ಲರ ನಡುವಿನ ಒಂದು ಬಿಂದು ಹಿಡಿಯಬೇಕು, ಒಲೆ ಇರುವ ಜಾಗ ಎಂದುಕೋ. ಅಲ್ಲಿಂದ ಒಬ್ಬೊಬ್ಬರೂ ಎಷ್ಟು ದೂರದಲ್ಲಿದ್ದಾರೆ ಎಂದು ಅಳೆದು, ಎಲ್ಲ ಸೇರಿಸಿ ಒಂದು ಸರಾಸರಿ. ಭಾರವಾದವರ ದೂರಕ್ಕೆ ಬೆಲೆ ಹೆಚ್ಚು, ಹಗುರಾದವರದಕ್ಕೆ ಕಡಿಮೆ. ಇಂಗ್ಲಿಷಿನಲ್ಲಿ ಇದಕ್ಕೊಂದು ಉದ್ದ ಹೆಸರಿದೆ. ನಾನು ನನ್ನ ನೋಟ್‌ಬುಕ್ಕಿನಲ್ಲಿ 'ಹರವು' ಎಂದು ಬರೆದುಕೊಂಡಿದ್ದೇನೆ. ಎಲ್ಲರೂ ಹತ್ತಿರವಿದ್ದರೆ ಹರವು ಚಿಕ್ಕದು. ಒಬ್ಬರು ದೂರ ಹೋದರೂ ಅದು ಹಿಗ್ಗುತ್ತದೆ.

ಏಳನೇ ವಯಸ್ಸಿಗೆ ಚಿಕ್ಕಮ್ಮನ ಜೊತೆ ಮೈಸೂರಿಗೆ ಹೋಗಿ ಇಂಗ್ಲಿಷ್ ಶಾಲೆ ಸೇರಿದವಳು ನಮ್ಮ ಮನೆಯ ಹರವನ್ನು ಎಷ್ಟು ಹಿಗ್ಗಿಸಿದಳೋ ಎಂದು ಇದನ್ನು ಬರೆಯುತ್ತಾ ಯೋಚಿಸಿದೆ. ಬಿಡು.

ಇಷ್ಟರಲ್ಲಿ ನನಗೊಂದು ದೊಡ್ಡ ಫಲ ಸಿಕ್ಕಿದೆ. ಹನ್ನೆರಡರ ಆಸುಪಾಸಿನಲ್ಲಿ ಇರುತ್ತಿದ್ದ ಹರವು ಮುನ್ನೂರನೆಯ ಚಿತ್ರದ ಹತ್ತಿರ ಒಮ್ಮೆಲೇ ಇಪ್ಪತ್ತಾರಕ್ಕೆ ಹಾರುತ್ತದೆ. ಸ್ವಲ್ಪ ಹೊತ್ತು ಹಾಗೇ ಇದ್ದು ಮತ್ತೆ ಹನ್ನೆರಡಕ್ಕೆ ಇಳಿಯುತ್ತದೆ. ಪ್ರೋಟೀನು ಕಾವಿಗೆ ಬಿಚ್ಚಿಕೊಂಡು ಮತ್ತೆ ಮಡಿಚಿಕೊಳ್ಳುತ್ತಿದೆ! ಇಷ್ಟು ಬೇಗ ಹೀಗಾಗುವುದನ್ನು ಯಾರೂ ನೋಡಿಲ್ಲ. ನಮ್ಮ ಗೈಡ್ ಖುಷಿಯಾಗಿ, ಪುಣೆಯಲ್ಲಿ ಡಿಸೆಂಬರಿನಲ್ಲಿ ನಡೆಯುವ ಸಮ್ಮೇಳನಕ್ಕೆ ನನ್ನ ಹೆಸರಿನಲ್ಲೇ ಕಳಿಸಿದ್ದಾರೆ. ಅದು ಮುಗಿಯುವವರೆಗೆ ಹೊರಡುವುದು ಕಷ್ಟ.

ಅವ್ವನನ್ನು ಕೊಳ್ಳೇಗಾಲದಲ್ಲಿ ಡಾಕ್ಟರಿಗೆ ತೋರಿಸಿದ್ದೀರಾ? ರಾಜಣ್ಣ ಭಾವನಿಗೆ ನಮಸ್ಕಾರ.

ಪುಷ್ಪ


ಮುಳ್ಳೂರು
20–7–2003

ಪುಷ್ಪಳಿಗೆ ಅಕ್ಕನ ಆಶೀರ್ವಾದ.

ನಿನ್ನ ಕಾಗದ ಓದಿ ಹೇಳಿದೆ. ಅವ್ವ ಪೂರ್ತಿ ಕೇಳಿಸಿಕೊಂಡು, "ಚೆನ್ನಾಗ್ ಓದ್ತಾಳೆ ಆ ಉಡುಗಿ, ಯಾರ್ ಮಗ್ಳು?" ಎಂದಳು. ನಾನು ಎದ್ದು ಹೋಗಿ ಸೊಪ್ಪು ಕತ್ತರಿಸುತ್ತಾ ಕೂತೆ.

ನಿನ್ನ ಭಾವ ಹೇಳಿದ್ದನ್ನೂ ಬರೆಯುತ್ತೇನೆ. "ಕಣ್ಗೆ ಕಾಣ್ದೇ ಇರೋದ್ನ ಅಳೆಯಕ್ಕೆ ಸರ್ಕಾರ ಸಂಬಳ ಕೊಡ್ತದಾ? ಕಾಣೋ ಜಮೀನ ಅಳೆಯಕ್ಕೆ ಸರ್ವೇಯರು ಮೂರೊರ್ಸದಿಂದ ಬಂದಿಲ್ವಲ್ಲ! ನಿನ್ ತಂಗೀನೇ ಬಂದ್ ಅಳೀಲಿ ಅನ್ನು." ಡಾಕ್ಟರಿಗೆ ತೋರಿಸಿದೆವು. ವಯಸ್ಸಿನ ಮರೆವು, ಗುಣವಾಗುವುದಿಲ್ಲ, ನಿಧಾನವಾಗಬಹುದು ಎಂದರು.

ಈಗ ನಮ್ಮ ರೇಷ್ಮೆ ಹುಳು ಮೂರನೇ ಜ್ವರದಲ್ಲಿವೆ. ನಿನಗೆ ಮರೆತಿರಬಹುದು, ಜ್ವರ ಎಂದರೆ ಕಾಯಿಲೆಯಲ್ಲ, ಚರ್ಮ ಬಿಡುವ ಮೊದಲು ಮೇವು ಬಿಟ್ಟು ತಲೆಯೆತ್ತಿ ಮಲಗುವುದು. ಎದ್ದ ಮೇಲೆ ಗಾತ್ರ ಹೆಚ್ಚುತ್ತದೆ. ಆಗ ನಮಗೆ ಕೆಲಸ. ಒಂದು ತಟ್ಟೆಯ ಹುಳುವನ್ನು ಎರಡು ತಟ್ಟೆಗೆ ಬಿಡಿಸಬೇಕು, ಇಲ್ಲದಿದ್ದರೆ ಒಂದರ ಮೇಲೊಂದು ಬಿದ್ದು ಸಾಯುತ್ತವೆ.

ಅದಕ್ಕೇ ಒಂದು ಮಾತು ಕೇಳುತ್ತೇನೆ, ನಗಬೇಡ. ನಿನ್ನ ಹುಳುವೂ ಎರಡರಷ್ಟು ದೊಡ್ಡದಾಯಿತು ಎನ್ನುತ್ತೀಯ. ಪೆಟ್ಟಿಗೆ ಅಷ್ಟೇ ಇದೆ. ನೀರೂ ತುಂಬಿದೆ. ಹಾಗಾದರೆ ಅದರ ಸುತ್ತ ಇದ್ದ ನೀರು ಎಲ್ಲಿಗೆ ಸರಿಯಿತು? ಅದೂ ಒಮ್ಮೆಲೇ? ನಮ್ಮ ಹುಳು ಹಿಗ್ಗಿದರೆ ಪಕ್ಕದ್ದು ಜರುಗುವುದು ಕಣ್ಣಿಗೇ ಕಾಣುತ್ತದೆ.

ಡಿಸೆಂಬರು ದೂರ ಇದೆ. ಅವ್ವ ದಿನಕ್ಕೊಂದು ಮರೆಯುತ್ತಿದ್ದಾಳೆ.

ಅಕ್ಕ,
ಶಿವರತ್ನಮ್ಮ


ಬೆಂಗಳೂರು
14–9–2003

ಅಕ್ಕಾ,

ನಿನ್ನ ಪ್ರಶ್ನೆಗೆ ನಾನು ನಕ್ಕೆ. ಮೊದಲು ಅದನ್ನು ಒಪ್ಪಿಕೊಳ್ಳುತ್ತೇನೆ. ಕಾಗದ ಮಡಿಚಿ ಮೇಜಿನ ಡ್ರಾಯರಿಗೆ ಹಾಕಿ ಒಂದು ತಿಂಗಳು ಸುಮ್ಮನಿದ್ದೆ. ಆದರೆ ಆ ನೀರು ತಲೆಯಿಂದ ಹೋಗಲಿಲ್ಲ. ಕೊನೆಗೆ ಮುನ್ನೂರನೆಯ ಚಿತ್ರವನ್ನು ಕಂಪ್ಯೂಟರಿನ ಪರದೆಗೆ ತಂದು, ಅಂಕಿ ಬಿಟ್ಟು, ಕಣ್ಣಿನಿಂದ ನೋಡಿದೆ. ಅಲ್ಲಿಯವರೆಗೆ ಅದನ್ನು ಕಣ್ಣಿನಿಂದ ನೋಡಿಯೇ ಇರಲಿಲ್ಲ.

ನೀರು ಎಲ್ಲಿಗೂ ಸರಿದಿರಲಿಲ್ಲ. ಪ್ರೋಟೀನೂ ಹಿಗ್ಗಿರಲಿಲ್ಲ.

ನಮ್ಮ ಪೆಟ್ಟಿಗೆಗೆ ಒಂದು ಕಟ್ಟಳೆಯಿದೆ. ಅದಕ್ಕೆ ಗೋಡೆಗಳಿದ್ದರೂ ಹೊರಗು ಎಂಬುದಿಲ್ಲ. ಒಂದು ಗೋಡೆಯನ್ನು ದಾಟಿ ಹೋದ ಪರಮಾಣು ಅದೇ ಗಳಿಗೆಯಲ್ಲಿ ಎದುರು ಗೋಡೆಯಿಂದ ಒಳಗೆ ಬರುತ್ತದೆ. ಇಷ್ಟು ಚಿಕ್ಕ ಪೆಟ್ಟಿಗೆಯಲ್ಲಿ ದೊಡ್ಡ ಸಮುದ್ರವನ್ನು ತೋರಿಸಲು ಮಾಡಿಕೊಂಡ ಉಪಾಯ. ನನ್ನ ಪ್ರೋಟೀನು ತೇಲುತ್ತಾ ಹೋಗಿ ಗೋಡೆಗೆ ತಾಗಿದೆ. ಅದರ ಅರ್ಧ ಭಾಗ ಆಚೆ ದಾಟಿದೆ, ದಾಟಿದ ಅರ್ಧ ಚಿತ್ರದಲ್ಲಿ ಎದುರು ಗೋಡೆಯ ಬಳಿ ಕಾಣಿಸಿಕೊಂಡಿದೆ. ನಾನು ಬರೆದ ಪ್ರೋಗ್ರಾಮು ಈ ಮೂಲೆಯ ಅರ್ಧಕ್ಕೂ ಆ ಮೂಲೆಯ ಅರ್ಧಕ್ಕೂ ನಡುವಿನ ದೂರವನ್ನು ನಿಜವೆಂದು ನಂಬಿ ಅಳೆದಿದೆ. ಮೊದಲು ಎರಡನ್ನೂ ಜೋಡಿಸಿ ಆಮೇಲೆ ಅಳೆಯಬೇಕಿತ್ತು. ಅದು ಇಡಿಯಾಗಿಯೇ ಇತ್ತು, ಅಕ್ಕಾ. ಒಂದು ಕ್ಷಣವೂ ಮುರಿದಿರಲಿಲ್ಲ.

ಜೋಡಿಸಿ ಅಳೆದೆ. ಹರವು ಹನ್ನೆರಡು ಬಿಂದು ಒಂದರಿಂದ ಹನ್ನೆರಡು ಬಿಂದು ಆರಕ್ಕೆ ಹೋಗಿದೆ. ಕಾಸಿದ್ದಕ್ಕೆ ಅಷ್ಟೇ ಹಿಗ್ಗಿದೆ.

ಗೈಡ್ ಹತ್ತಿರ ಹೋಗಿ ಹೇಳಿದೆ. ಬೈಯಬಹುದು ಎಂದುಕೊಂಡಿದ್ದೆ. "ಈ ಕೆಲಸಕ್ಕೆ ಬಂದವರೆಲ್ಲ ಒಂದು ಸಲ ಮಾಡುವ ತಪ್ಪು ಇದು. ಅವರು ಇಪ್ಪತ್ಮೂರಕ್ಕೆ ಮಾಡುತ್ತಾರೆ, ನೀವು ನಲವತ್ತೈದಕ್ಕೆ ಮಾಡಿದಿರಿ" ಎಂದರು. ಪುಣೆಗೆ ಕಳಿಸಿದ್ದನ್ನು ಅವತ್ತೇ ಹಿಂದಕ್ಕೆ ತೆಗೆದುಕೊಂಡೆವು. ತಪ್ಪು ಹಿಡಿದದ್ದು ಯಾರು ಎಂದು ಕೇಳಿದರು. ನಮ್ಮಕ್ಕ, ರೇಷ್ಮೆ ಹುಳು ಸಾಕುತ್ತಾಳೆ ಎಂದೆ. ತಮಾಷೆ ಎಂದುಕೊಂಡರು.

ಹೀಗಾಗಿ ಡಿಸೆಂಬರಿನ ನೆಪ ಹೋಯಿತು. ಅದು ನೆಪವೆಂದು ನಿನಗೆ ಮೊದಲೇ ಗೊತ್ತಿತ್ತು ಅನ್ನಿಸುತ್ತದೆ.

ಆರು ವರ್ಷದಿಂದ ಕೇಳದ ಮಾತನ್ನು ಈಗ ಕೇಳುತ್ತೇನೆ. ತೊಂಬತ್ತೇಳರ ಜುಲೈಯಲ್ಲಿ ನಾನು ಹೇಳದೆ ಕೇಳದೆ ಬಂದೆನಲ್ಲ. ಕೊಳ್ಳೇಗಾಲದಿಂದ ಮಧ್ಯಾಹ್ನದ ಬಸ್ಸು, ಕೈಯಲ್ಲಿ ಸೇಬಿನ ಹಣ್ಣಿನ ಚೀಲ. ಮುಂಬಾಗಿಲಿಗೆ ಬೇವಿನ ಸೊಪ್ಪು ಸಿಕ್ಕಿಸಿತ್ತು. ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ 'ಹೊರಗಿನವರಿಗೆ ಪ್ರವೇಶವಿಲ್ಲ' ಎಂದು ಬರೆದಿತ್ತು. ನೀನು ಬಾಗಿಲು ಅರ್ಧ ತೆಗೆದು, "ಇಲ್ಲಿಂದ ಬರ್ಬ್ಯಾಡ ಕಣವ್ವ, ಉಳ ಅಣ್ಣಾಗವೆ" ಎಂದು ಮತ್ತೆ ಮುಚ್ಚಿಕೊಂಡೆ. ಅಗುಳಿ ಹಾಕಿದ ಸದ್ದು ಕೇಳಿಸಿತು. ನಾನು ಜಗಲಿಯ ಮೇಲೆ ಅರ್ಧ ಗಂಟೆ ಕೂತಿದ್ದೆ. ಯಾರೂ ಬರಲಿಲ್ಲ. ಹುಳುವಿಗಿಂತ ನಾನು ಹೊರಗಿನವಳು ಎಂದುಕೊಂಡು ಅದೇ ಬಸ್ಸು ತಿರುಗಿ ಬಂದಾಗ ಹತ್ತಿದೆ.

ಇಷ್ಟು ವರ್ಷ ಆ ದೂರವನ್ನು ನಾನು ಅಳೆದದ್ದು ಸರಿಯಾಗಿತ್ತೋ ಇಲ್ಲವೋ, ಈಗ ಖಾತ್ರಿಯಿಲ್ಲ. ಅವತ್ತು ಬಾಗಿಲು ಹಾಕಿಕೊಂಡ ಮೇಲೆ ನೀನು ಎಲ್ಲಿಗೆ ಹೋದೆ?

ಪುಷ್ಪ


ಮುಳ್ಳೂರು
9–11–2003

ಪುಷ್ಪಾ,

ನಿನ್ನ ಕಾಗದಕ್ಕೆ ಉತ್ತರ ಬರೆಯಲು ಮೂರು ಸಲ ಕೂತೆ. ಮೂರು ಸಲವೂ ಸಿಟ್ಟು ಬಂತು, ನಿನ್ನ ಮೇಲೋ ನನ್ನ ಮೇಲೋ ಗೊತ್ತಾಗದೆ ಎದ್ದೆ.

ಎಲ್ಲಿಗೆ ಹೋದೆ ಎಂದು ಕೇಳುತ್ತೀಯ. ಹಿತ್ತಿಲಿಗೆ ಹೋದೆ. ಇನ್ನೆಲ್ಲಿಗೆ ಹೋಗುತ್ತಾರೆ?

ಹುಳು ಹಣ್ಣಾದಾಗ, ಎಂದರೆ ಮೇವು ಬಿಟ್ಟು ಮೈ ತಿಳಿಯಾಗಿ ಗೂಡು ಕಟ್ಟಲು ತಯಾರಾದಾಗ, ನಡುಮನೆ ತುಂಬ ಅವೇ ಇರುತ್ತವೆ. ಅವು ಗೂಡು ಕಟ್ಟುವ ಬಿದಿರಿನ ತಟ್ಟಿಗಳನ್ನು, ಚಂದ್ರಿಕೆಗಳನ್ನು, ಗೋಡೆಗೆ ಒರಗಿಸಿ ಹುಳು ಬಿಡುತ್ತಿರುತ್ತೇವೆ. ಪೌಡರು, ಸೆಂಟು, ಹೊಗೆಸೊಪ್ಪು ಯಾವ ವಾಸನೆಯೂ ಆಗದು. ಆ ನಾಲ್ಕೈದು ದಿನ ಮುಂಬಾಗಿಲು ಮುಚ್ಚಿರುತ್ತದೆ. ಹೊರಗಿನವರು ಬಂದರೆ ಜಗಲಿ ಮೇಲೆ ಕೂರಿಸಿ, ನೀರು ಕೊಟ್ಟು, ಕಾರಣ ಹೇಳಿ ಕಳಿಸುತ್ತೇವೆ. ಮನೆಯವರು ಬಂದರೆ ಏನೂ ಹೇಳುವುದಿಲ್ಲ. ಮನೆಯವರು ದನದ ಕೊಟ್ಟಿಗೆ ಬಳಸಿ ಹಿತ್ತಿಲಿಂದ ಬರುತ್ತಾರೆ, ಕಾಲು ತೊಳೆದು ಅಡಿಗೆಮನೆಗೆ ಹೋಗುತ್ತಾರೆ. ಅಪ್ಪನ ಕಾಲದಿಂದ ಹಾಗೇ. ನಿನಗೆ ಹೇಳಬೇಕು ಎಂದು ನನಗೆ ಹೊಳೆಯಲೇ ಇಲ್ಲ. ನೀನು ಹೊರಗಿನವಳು ಎಂದುಕೊಂಡಿದ್ದರೆ ಜಗಲಿಯಲ್ಲಿ ಚಾಪೆ ಹಾಸುತ್ತಿದ್ದೆ.

ಹಿತ್ತಿಲ ಬಾಗಿಲು ತೆಗೆದು, ಕಲ್ಲಿನ ಮೇಲೆ ಚೊಂಬಿನಲ್ಲಿ ನೀರಿಟ್ಟೆ. ಅವ್ವನಿಗೆ, "ಪುಷ್ಪ ಬಂದವ್ಳೆ, ಸುತ್ಕೊಂಡ್ ಬತ್ತಾವ್ಳೆ" ಎಂದೆ. ಅವ್ವ ಒಲೆ ಮೇಲಿದ್ದ ಹೆಂಚು ಇಳಿಸಿ, ಸೆರಗಲ್ಲಿ ಕೈ ಒರೆಸಿಕೊಂಡು ಬಂದು ಹೊಸಲ ಮೇಲೆ ಕೂತಳು. ನಾನೂ ನಿಂತಿದ್ದೆ. ನೀನು ಬರಲಿಲ್ಲ. ದಾರಿಯಲ್ಲಿ ಯಾರನ್ನೋ ಮಾತಾಡಿಸುತ್ತಾ ನಿಂತಿರಬೇಕು ಎಂದುಕೊಂಡೆವು. ಆಮೇಲೆ ನಾನೇ ಮುಂದಕ್ಕೆ ಹೋಗಿ ನೋಡಿದರೆ ಜಗಲಿ ಮೇಲೆ ಸೇಬಿನ ಚೀಲ ಮಾತ್ರ ಇತ್ತು. ಬಸ್ಸು ಕೆರೆ ಏರಿ ದಾಟುತ್ತಿತ್ತು.

ಹುಳುವಿನ ವಾಸನೆ ಸೇರದೆ ಹೋದಳು, ಇಂಗ್ಲಿಷ್ ಓದಿದವಳಿಗೆ ನಾವು ಗಲೀಜು ಕಂಡೆವು ಎಂದುಕೊಂಡೆ. ಅದನ್ನೇ ಎದೆಯಲ್ಲಿಟ್ಟುಕೊಂಡು ಇಷ್ಟು ವರ್ಷ ನಿನಗೆ ಬರೆಯಲಿಲ್ಲ. ನೀನು ಏಳು ವರ್ಷಕ್ಕೇ ಹೋದವಳು, ಹುಳು ಸಾಕುವ ಮನೆಯ ರೂಢಿ ನಿನಗೆ ಎಲ್ಲಿಂದ ಗೊತ್ತಿರಬೇಕು ಎಂದು ಒಂದು ಸಲವೂ ಯೋಚಿಸಲಿಲ್ಲ. ತಪ್ಪು ನನ್ನದೂ ಇದೆ.

ನಿನ್ನ ಭಾವನಿಗೆ ಹೇಳಿದರೆ ತಲೆ ಚಚ್ಚಿಕೊಂಡು, "ಅಕ್ಕ ತಂಗೀರು ಒಂದ್ ಮನೆ ಸುತ್ತಕ್ಕೆ ಆರ್ ವರ್ಸ ತಕಂಡ್ರಲ್ಲೇ!" ಎಂದರು.

ಬಾ. ಅವ್ವ ನನ್ನನ್ನೇ ಈಗ ಕೆಲವು ದಿನ 'ಅಕ್ಕಯ್ಯ' ಎನ್ನುತ್ತಾಳೆ. ನಿನ್ನನ್ನು ಗುರುತು ಹಿಡಿಯುತ್ತಾಳೆ ಎಂದು ಮಾತು ಕೊಡಲಾರೆ.

ರತ್ನಕ್ಕ


ಬೆಂಗಳೂರು
5–12–2003

ರತ್ನಕ್ಕಾ,

ನಿನ್ನ ಕಾಗದವನ್ನು ಎಷ್ಟು ಸಲ ಓದಿದೆನೆಂದು ಬರೆಯುವುದಿಲ್ಲ. ನಮ್ಮ ಪೆಟ್ಟಿಗೆಯ ಕಟ್ಟಳೆಯನ್ನು ತಿಂಗಳುಗಟ್ಟಲೆ ಓದಿದವಳಿಗೆ ನಮ್ಮ ಮನೆಯ ಕಟ್ಟಳೆ ತಿಳಿದಿರಲಿಲ್ಲ. ಇದಕ್ಕಿಂತ ಹೆಚ್ಚು ಬರೆದರೆ ಮಾತು ದೊಡ್ಡದಾಗುತ್ತದೆ.

ಹದಿನೆಂಟನೇ ತಾರೀಕು ಗುರುವಾರ ಬೆಳಿಗ್ಗೆ ಹೊರಟು, ಮಧ್ಯಾಹ್ನದ ಬಸ್ಸಿಗೆ ಮುಳ್ಳೂರಿನಲ್ಲಿರುತ್ತೇನೆ. ಹುಳು ಯಾವ ಜ್ವರದಲ್ಲಿದ್ದರೂ ಸರಿ. ಪೌಡರು ಹಾಕಿಕೊಂಡು ಬರುವುದಿಲ್ಲ.

ಪುಷ್ಪ


ಬೆಂಗಳೂರು
4–1–2004

ರತ್ನಕ್ಕಾ,

ಕ್ಷೇಮವಾಗಿ ತಲುಪಿದೆ. ನೀನು ಕಟ್ಟಿಕೊಟ್ಟ ರೊಟ್ಟಿ ಎರಡು ದಿನ ಬಂತು. ಹುಚ್ಚೆಳ್ಳು ಚಟ್ನಿಯನ್ನು ಲ್ಯಾಬಿನವರು ಬಸ್ಸಿನ ಆಯಾಸ ಇಳಿಯುವ ಮೊದಲೇ ಮುಗಿಸಿದರು. ಈ ಬೆಳೆಯ ಗೂಡು ಚೆನ್ನಾಗಿ ಬಂತೆಂದು ಭಾವ ಫೋನಿನಲ್ಲಿ ಹೇಳಿದರು. ಕೊಳ್ಳೇಗಾಲದ ಬೂತಿನಿಂದ ಕೂಗಿ ಕೂಗಿ ಮಾತಾಡಿದರು, ಫೋನು ಇಲ್ಲದಿದ್ದರೂ ಕೇಳಿಸುತ್ತಿತ್ತು.

ಹತ್ತು ದಿನ ನಿನ್ನ ಜೊತೆಯಲ್ಲಿದ್ದೂ ಒಂದು ವಿಷಯ ಹೇಳಲಿಲ್ಲ. ಹೇಳಹೋದಾಗಲೆಲ್ಲ ಹುಳುವಿನ ಮಾತು ತೆಗೆದೆ. ಬರೆಯುವುದು ನನಗೆ ಸುಲಭ.

ನಾನು ಬಂದ ದಿನ ಮುಂಬಾಗಿಲು ಮುಚ್ಚಿತ್ತು. ಅದೇ ಬೇವಿನ ಸೊಪ್ಪು, ಸೀಮೆಸುಣ್ಣದ ಅದೇ ಮಾತು. ನೀನು ಒಳಗೆ ಚಂದ್ರಿಕೆಗೆ ಹುಳು ಬಿಡುತ್ತಿದ್ದೆ. "ಬಂದ್ಯಾ? ಓಗು, ನಾನ್ ಬತ್ತೀನಿ" ಎಂದು ಒಳಗಿಂದಲೇ ಕೂಗಿದೆ. ಎಲ್ಲಿಗೆ ಹೋಗು ಎಂದು ಹೇಳಲಿಲ್ಲ. ಗೊತ್ತಿದ್ದೂ ನನ್ನ ಕಾಲು ಒಂದು ಕ್ಷಣ ಜಗಲಿಯ ಮೇಲೆ ನಿಂತಿತು. ಇಷ್ಟು ವರ್ಷದ ಅಭ್ಯಾಸ ಒಂದು ಕಾಗದಕ್ಕೆ ಹೋಗುವುದಿಲ್ಲ. ಆಮೇಲೆ ಕೊಟ್ಟಿಗೆ ಬಳಸಿ, ಸಗಣಿ ತುಳಿದು, ಹಿತ್ತಿಲಿಗೆ ಬಂದೆ.

ಅವ್ವ ಹೊಸಲ ಮೇಲೆ ಕೂತಿದ್ದಳು. ಎಷ್ಟು ಚಿಕ್ಕವಳಾಗಿದ್ದಾಳೆ! ನನ್ನ ಕೆಲಸವೇ ಗಾತ್ರ ಅಳೆಯುವುದು, ಆದರೂ ಆ ಕುಗ್ಗಿದ ಹೆಗಲನ್ನು ನೋಡಲಾಗಲಿಲ್ಲ. ತಲೆಯೆತ್ತಿ ನನ್ನನ್ನು ನೋಡಿದಳು. ತುಂಬ ಹೊತ್ತು ನೋಡಿದಳು. ಹೆಸರು ಹಿಡಿದು ಕರೆಯಲಿಲ್ಲ. ಆಮೇಲೂ, ಆ ಹತ್ತು ದಿನದಲ್ಲಿ ಒಮ್ಮೆಯೂ ಕರೆಯಲಿಲ್ಲ, ಅದು ನಿನಗೇ ಗೊತ್ತು. ಯಳಂದೂರಿನ ಯಾರೋ ಎಂದುಕೊಂಡಳೋ, ನೆರೆಯವಳು ಎಂದುಕೊಂಡಳೋ, ನನಗೆ ತಿಳಿಯದು. ತಿಳಿದುಕೊಳ್ಳಲು ಅಳತೆಯೂ ಇಲ್ಲ.

ಆದರೆ ಅವತ್ತು ಅವಳು ಬೈದಳು. ಮೆಲ್ಲಗೆ, ಒಲೆಯ ಮೇಲೆ ಹೆಂಚು ಕಾಯುತ್ತಿರುವಾಗ ಮಕ್ಕಳನ್ನು ಬೈಯುವ ಹಾಗೆ.

"ಇಷ್ಟೊತ್ತಾ ನಿಂಗೆ ಸುತ್ಕೊಂಡ್ ಬರಾಕೆ?"

ಎಂದು, ಪಕ್ಕದ ಕಲ್ಲಿನ ಮೇಲಿದ್ದ ಚೊಂಬನ್ನು ನನ್ನ ಕಾಲ ಹತ್ತಿರಕ್ಕೆ ತಳ್ಳಿದಳು. ಅದನ್ನು ಅಲ್ಲಿ ಇಟ್ಟದ್ದು ನೀನೋ ಅವಳೋ ಎಂದು ನಾನು ಕೇಳಲಿಲ್ಲ. ನೀನೂ ಹೇಳಬೇಡ.

ನೀರು ಬಿಸಿಲಿಗೆ ಬೆಚ್ಚಗಾಗಿತ್ತು. ಕಾಲು ತೊಳೆದುಕೊಂಡು ಒಳಗೆ ಬಂದೆ.

ನಿನ್ನ ತಂಗಿ,
ಪುಷ್ಪ